ಹಾಸಿಗೆ ಎಣಿಸಬೇಡಿ, ಬೆಲ್ಟ್ ಎಣಿಸಿ

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಒಂದೂವರೆ. ನಾವಿಬ್ಬರೂ ಮನೆಯಿಂದಲೇ ಕೆಲಸ ಮಾಡುವವರು. ಮನೆ ಮಾರಿ, ಮೋಟರ್‌ಹೋಮ್ ಕೊಂಡು, ಎರಡು ವರ್ಷ ಅದರಲ್ಲೇ ಬದುಕಬೇಕೆಂಬ ಆಸೆಯಿದೆ. ನೋಡಬೇಕಾದ 150 ಸ್ಥಳಗಳ ಪಟ್ಟಿಯೂ ಸಿದ್ಧವಾಗಿದೆ. ಆರು ಜನ ಮಲಗಬಹುದಾದ ಗಾಡಿಯೊಂದು ಕಣ್ಣಿಗೆ ಬಿದ್ದಿದೆ. ಅತ್ತೆಯವರು ಮಾತ್ರ ‘ಮಕ್ಕಳನ್ನು ಬೀದಿಪಾಲು ಮಾಡುತ್ತೀರಿ’ ಎನ್ನುತ್ತಿದ್ದಾರೆ. ಇಷ್ಟು ಚಿಕ್ಕ ಮಕ್ಕಳಿಗೆ ಈ ಬದುಕು ಸರಿಹೋಗುತ್ತದೆಯೇ? ಗಾಡಿಯಲ್ಲಿ ಏನು ನೋಡಬೇಕು? ಶಾಲೆಯ ಕಥೆ ಏನು?

ಉತ್ತರ: ಬದುಕು ಸರಿಹೋಗುತ್ತದೆ. ಪಟ್ಟಿ ಸರಿಹೋಗುವುದಿಲ್ಲ. ಎರಡು ವರ್ಷಕ್ಕೆ 730 ದಿನ. 150 ಸ್ಥಳ ಎಂದರೆ ಒಂದೊಂದಕ್ಕೆ ಪೂರ್ತಿ ಐದು ದಿನವೂ ದಕ್ಕುವುದಿಲ್ಲ. ಅದರಲ್ಲಿ ಒಂದು ದಿನ ಸಾಮಾನು ಕಟ್ಟಿ ರಸ್ತೆಗಿಳಿಯಲು, ಒಂದು ದಿನ ಬಟ್ಟೆ ಒಗೆಯಲು, ಒಂದು ದಿನ ಯಾರಿಗಾದರೂ ಬರುವ ಜ್ವರಕ್ಕೆ. ಉಳಿದ ಎರಡು ದಿನಗಳಲ್ಲಿ ನೀವು ಕಚೇರಿಯ ಕೆಲಸವನ್ನೂ ಮಾಡಬೇಕು. ಇದು ಪ್ರವಾಸವೂ ಅಲ್ಲದ, ಸಂಸಾರವೂ ಅಲ್ಲದ ಎಡಬಿಡಂಗಿ ಸ್ಥಿತಿ. ಏಳು ಮೀಟರ್ ಉದ್ದದ ಗಾಡಿಯಲ್ಲಿ ಇಬ್ಬರು ಮಕ್ಕಳೊಂದಿಗೆ ನಾಲ್ಕು ವರ್ಷ ಬದುಕಿ, ಆಮೇಲೆ ಹೀಗೆಯೇ ಹೊರಟ ಹಲವು ಕುಟುಂಬಗಳಿಗೆ ಸಲಹೆ ಕೊಟ್ಟವಳಾಗಿ ಹೇಳುತ್ತಿದ್ದೇನೆ: ಅರ್ಧದಲ್ಲಿ ಮರಳಿದವರಲ್ಲಿ ಹೆಚ್ಚಿನವರನ್ನು ಸೋಲಿಸಿದ್ದು ಗಾಡಿಯಾಗಲಿ ಮಕ್ಕಳಾಗಲಿ ಅಲ್ಲ, ಅವರ ಅವಸರ.

ನಮ್ಮ ಚಿಕ್ಕವಳಿಗೂ ಆಗ ಹೆಚ್ಚುಕಡಿಮೆ ನಿಮ್ಮ ಮಗಳದೇ ವಯಸ್ಸು. ಒಂದು ಕಡೆ ಮೂರು ವಾರ ನಿಂತಿದ್ದೆವು. ಪಕ್ಕದ ಗಾಡಿಯವರದೊಂದು ಕಂದು ನಾಯಿ ಬೆಳಿಗ್ಗೆ ನಮ್ಮ ಕಿಟಕಿಯ ಕೆಳಗೆ ಬಂದು ಕೂರುತ್ತಿತ್ತು. ಮಗಳು ಎದ್ದವಳೇ ಪರದೆಯ ಅಂಚನ್ನು ಹಿಡಿದು ಸರಿಸಿ, ಗಾಜಿಗೆ ಮೂಗು ಒತ್ತಿ ಅದನ್ನು ಕರೆಯುತ್ತಿದ್ದಳು. ನಾವು ಅಲ್ಲಿಂದ ಹೊರಟೆವು. ಮರುದಿನ ಹೊಸ ಜಾಗದಲ್ಲಿ ಅದೇ ಪರದೆ, ಅದೇ ಗಾಜು, ಅದೇ ಮೂಗಿನ ಗುರುತು. ಹೊರಗೆ ನಾಯಿ ಇಲ್ಲ. ಆರು ದಿನ ಕರೆದಳು. ಏಳನೆಯ ದಿನ ಪರದೆ ಸರಿಸಲಿಲ್ಲ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ದೊಡ್ಡವರಿಗೆ ಊರು ಬದಲಾಗುತ್ತದೆ. ಮಗುವಿಗೆ ಮನೆ ಹಾಗೇ ಇದ್ದು, ಅದರ ಹೊರಗಿನದ್ದೆಲ್ಲ ಯಾರೋ ರಾತ್ರಿ ಕದ್ದೊಯ್ದಂತೆ ಕಾಣುತ್ತದೆ.

ಅಂದಿನಿಂದ ಒಂದು ಜಾಗದಲ್ಲಿ ಕನಿಷ್ಠ ಮೂರು ವಾರ ನಿಲ್ಲುವುದು, ಹೊರಡುವ ಮುನ್ನಾದಿನ ಮರಕ್ಕೂ ನಲ್ಲಿಗೂ ನಾಯಿಗೂ ಹೆಸರು ಹಿಡಿದು ವಿದಾಯ ಹೇಳಿಬರುವುದು ನಮ್ಮ ಪದ್ಧತಿಯಾಯಿತು. ಗಾಡಿಯ ಒಳಗಿನ ವಸ್ತುಗಳ ಜಾಗವನ್ನೂ ಬದಲಿಸುತ್ತಿರಲಿಲ್ಲ. ಲೋಟದ ಕೊಕ್ಕೆ, ಚಪ್ಪಲಿಯ ಬುಟ್ಟಿ, ಮಲಗುವ ಮುಂಚಿನ ಕಥೆ, ದೀಪ ಆರಿಸುವ ಸರದಿ, ಎಲ್ಲವೂ ದಿನವೂ ಇದ್ದಲ್ಲೇ ಇದ್ದಂತೆ. ಹೊರಗಿನದು ಬದಲಾಗುವಷ್ಟೂ ಒಳಗಿನದು ಜಡವಾಗಿರಬೇಕು.

ಆರ್‌ವಿ, ಅಂದರೆ ಇಂಥ ವಾಸದ ಗಾಡಿಗಳ, ಬದುಕಿನಲ್ಲಿ ಪಳಗಿದವರು ‘ಮೂರು-ಮೂರು-ಮೂರು’ ಎಂಬ ಲೆಕ್ಕ ಹೇಳುತ್ತಾರೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರರೊಳಗೆ ತಲುಪಬೇಕು, ತಲುಪಿದಲ್ಲಿ ಮೂರು ದಿನವಾದರೂ ನಿಲ್ಲಬೇಕು. ಮಕ್ಕಳಿಲ್ಲದವರಿಗೆ ಇದು ಸರಿ. 300 ಮೈಲಿ ಎಂದರೆ ಸುಮಾರು 480 ಕಿಲೋಮೀಟರ್. ಒಂದೂವರೆ ವರ್ಷದ ಮಗುವನ್ನು ಕಟ್ಟಿಕೂರಿಸಿ ಅಷ್ಟು ದೂರ ಹೋಗುವುದು ಮಗುವಿಗೂ ಶಿಕ್ಷೆ, ನಿಮಗೂ ಶಿಕ್ಷೆ. ನನ್ನ ಲೆಕ್ಕದಲ್ಲಿ ದಿನಕ್ಕೆ ಎರಡೂವರೆ ಗಂಟೆ ಚಾಲನೆ, ನಡುವೆ ಒಮ್ಮೆ ಇಳಿದು ಓಡಾಟ. ಅದರಲ್ಲೂ ಚಿಕ್ಕವಳ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ ಎಂಜಿನ್ ಚಾಲೂ ಮಾಡುವುದನ್ನು ಕಲಿತರೆ ಅರ್ಧ ಯುದ್ಧ ಗೆದ್ದಂತೆ. ದೊಡ್ಡವನಿಗೆ ಹೊಟ್ಟೆ ತೊಳಸುವ ಸಾಧ್ಯತೆ ಹೆಚ್ಚು. ಪ್ರಯಾಣದ ವಾಕರಿಕೆ ಎರಡು ವರ್ಷದೊಳಗಿನವರಲ್ಲಿ ಅಪರೂಪ, ಎರಡರಿಂದ ಹನ್ನೆರಡರೊಳಗೆ ಸಾಮಾನ್ಯ. ಹಿಂಬದಿಯ ಚಕ್ರಗಳಿಗಿಂತ ಹಿಂದಿನ ಭಾಗ ಹೆಚ್ಚು ತೂಗಾಡುವುದರಿಂದ ಅವನನ್ನು ಆದಷ್ಟು ಮುಂದೆ, ಎದುರಿನ ರಸ್ತೆ ಕಾಣುವಂತೆ ಕೂರಿಸಿ.

ಈಗ ಗಾಡಿ. ಆರು ಜನ ಮಲಗಬಹುದು ಎಂದು ಬರೆದಿದ್ದೀರಿ. ಎಷ್ಟು ಜನ ಕೂರಬಹುದು ಎಂದು ಬರೆದಿಲ್ಲ. ಮಾರುವವರ ಕರಪತ್ರದಲ್ಲಿ ಹಾಸಿಗೆಗಳ ಸಂಖ್ಯೆ ದಪ್ಪ ಅಕ್ಷರದಲ್ಲಿರುತ್ತದೆ, ಬೆಲ್ಟ್‌ಗಳ ಸಂಖ್ಯೆ ಎಲ್ಲೋ ಮೂಲೆಯಲ್ಲಿ. ಆರು ಹಾಸಿಗೆಯ ಗಾಡಿಗೆ ನಾಲ್ಕೇ ಬೆಲ್ಟ್ ಇರುವುದು ಹೊಸದೇನಲ್ಲ. ಆ ನಾಲ್ಕರಲ್ಲೂ ಎರಡು ಮುಂದಿನ ಸೀಟಿನವು. ಉಳಿದ ಎರಡು ಊಟದ ಮೇಜಿನ ಬಳಿಯವು, ಅಸಲು ಪ್ರಶ್ನೆ ಅಲ್ಲಿದೆ.

ಮಗುವಿನ ಸೀಟನ್ನು ಗಾಡಿಯ ಮುಂದಕ್ಕೆ ಮುಖ ಮಾಡಿರುವ ಸೀಟಿನ ಮೇಲೆ ಮಾತ್ರ ಕಟ್ಟಬೇಕು. ಪಕ್ಕಕ್ಕೆ ಮುಖ ಮಾಡಿದ ಸೋಫಾ ಎಷ್ಟೇ ಮೆತ್ತಗಿರಲಿ, ಅಲ್ಲಿ ಮಗುವಿನ ಸೀಟು ಕೂಡದು. ಹಿಂದಕ್ಕೆ ಮುಖ ಮಾಡಿದ ಬೆಂಚಿಗೂ ಅದೇ ಮಾತು. ನಿಮ್ಮ ಚಿಕ್ಕವಳು ಇನ್ನೂ ಹಿಮ್ಮುಖ ಸೀಟಿನಲ್ಲೇ, ಅಂದರೆ ಮುಂದಕ್ಕೆ ಮುಖ ಮಾಡಿದ ಬೆಂಚಿನ ಮೇಲೆ ಹಿಂದಕ್ಕೆ ತಿರುಗಿಸಿ ಕಟ್ಟಿದ ಮಗುವಿನ ಸೀಟಿನಲ್ಲೇ, ಕೂರಬೇಕಾದವಳು. ಮಗುವಿನ ಸೀಟುಗಳ ಬಗೆಗಿನ ಯುರೋಪಿನ ಆರ್-129 ನಿಯಮ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಸೀಟಿನ ಎತ್ತರ-ತೂಕದ ಮಿತಿ ಮುಗಿಯುವವರೆಗೂ ಹಾಗೆಯೇ ಕೂರಿಸಿ ಎನ್ನುತ್ತದೆ. ನಾನು ಎರಡನೆಯದರ ಪರ. ಇನ್ನೊಂದು ಸಂಗತಿಯನ್ನು ಬಗ್ಗಿ ನೋಡಬೇಕು. ಮೇಜಿನ ಬೆಂಚಿನ ಮೆತ್ತೆ ಎತ್ತಿ, ಬೆಲ್ಟ್ ಎಲ್ಲಿಗೆ ಹೋಗುತ್ತದೆ ಎಂದು ಟಾರ್ಚ್ ಹಿಡಿದು ಹಿಂಬಾಲಿಸಿ. ಅದು ವಾಹನದ ಚೌಕಟ್ಟಿಗೆ ಬೆಸೆದ ಉಕ್ಕಿಗೆ ಕಟ್ಟಿದ್ದರೆ ಮಾತು ಮುಂದುವರಿಸಬಹುದು. ಪ್ಲೈವುಡ್ ಪೆಟ್ಟಿಗೆಗೆ ಸ್ಕ್ರೂ ಹೊಡೆದಿದ್ದರೆ ಮೆತ್ತೆ ಮುಚ್ಚಿ, ನಮಸ್ಕಾರ ಹೇಳಿ ಹೊರಬನ್ನಿ. ನಾವು ನೋಡಲು ಹೋದ ಮೂರನೆಯ ಗಾಡಿ ಹೀಗಿತ್ತು. ಪರದೆ, ದೀಪ, ಅಡುಗೆ ಕಟ್ಟೆ ಎಲ್ಲ ಅರಮನೆಯಂತೆ. ಬೆಲ್ಟ್ ಮಾತ್ರ ಮೊಳೆ ಹೊಡೆದ ಹಲಗೆಗೆ.

ಈ ಕಾರಣಕ್ಕೇ ಚಿಕ್ಕ ಮಕ್ಕಳಿರುವವರಿಗೆ ನಾನು ಎಷ್ಟೋ ಬಾರಿ ಮೋಟರ್‌ಹೋಮ್ ಬಿಟ್ಟು, ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್ ತೆಗೆದುಕೊಳ್ಳಿ ಎನ್ನುತ್ತೇನೆ. ಮಕ್ಕಳು ಒಳ್ಳೆಯ ಕಾರಿನ ಒಳ್ಳೆಯ ಸೀಟಿನಲ್ಲಿ ಕೂರುತ್ತಾರೆ. ನಿಂತ ಮೇಲೆ ಟ್ರೇಲರ್ ಬಿಚ್ಚಿಟ್ಟು ಕಾರಿನಲ್ಲಿ ಆಸ್ಪತ್ರೆಗೋ ಅಂಗಡಿಗೋ ಹೋಗಬಹುದು. ಮೋಟರ್‌ಹೋಮಿನವರಿಗೆ ಹಾಲು ಮುಗಿದರೂ ಮನೆಯನ್ನೇ ಹೊತ್ತುಕೊಂಡು ಹೋಗುವ ಪಾಡು. ಮೂರು ವಾರ ನಿಲ್ಲುವ ಪದ್ಧತಿಗೆ ಟ್ರೇಲರ್ ಹೇಳಿಮಾಡಿಸಿದ್ದು. ಓಡುತ್ತಿರುವ ಟ್ರೇಲರಿನೊಳಗೆ ಮಾತ್ರ ಯಾರೂ ಇರಬಾರದು. ಬಹುಪಾಲು ಕಡೆ ಕಾನೂನೂ ಬಿಡುವುದಿಲ್ಲ.

ಮಲಗುವ ಲೆಕ್ಕವೂ ಕರಪತ್ರದಂತಿರುವುದಿಲ್ಲ. ಆರು ವರ್ಷದೊಳಗಿನವರನ್ನು ಮೇಲಿನ ಅಟ್ಟದ ಹಾಸಿಗೆಯಲ್ಲಿ ಮಲಗಿಸಬಾರದು ಎಂಬುದು ಎಲ್ಲೆಡೆ ಒಪ್ಪಿತವಾದ ಎಚ್ಚರಿಕೆ. ಹಾಗಾಗಿ ಚಾಲಕನ ತಲೆಯ ಮೇಲಿನ ಆ ಚೆಂದದ ಗೂಡು ನಿಮ್ಮ ಮಗನಿಗೆ ಇನ್ನೂ ಎರಡು ವರ್ಷ ಸಲ್ಲದು, ಅಂದರೆ ನಿಮ್ಮ ಪ್ರಯಾಣ ಮುಗಿಯುವವರೆಗೆ! ಅದು ನಿಮ್ಮ ಹಾಸಿಗೆ, ಕೆಳಗಿನದು ಅವನದು. ಚಿಕ್ಕವಳ ಮಡಚುವ ತೊಟ್ಟಿಲಿಗೆ ಸುಮಾರು 60 × 120 ಸೆಂಟಿಮೀಟರ್ ಸಪಾಟು ನೆಲ ಬೇಕು. ಗಾಡಿ ನೋಡಲು ಹೋಗುವಾಗ ಅಷ್ಟು ಅಳತೆಯ ಹಳೆ ಬೆಡ್‌ಶೀಟ್ ಮಡಚಿಕೊಂಡು ಹೋಗಿ ನೆಲಕ್ಕೆ ಹಾಸಿ ನೋಡಿ. ಅದನ್ನು ಹಾಸಿದ ಮೇಲೆ ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿ ಉಳಿಯಿತೇ?

ತೂಕದ ವಿಷಯಕ್ಕೆ ಹೆಚ್ಚಿನವರು ಕಣ್ಣು ಮುಚ್ಚುತ್ತಾರೆ. ಯುರೋಪಿನ ಸಾಮಾನ್ಯ ಕಾರು ಪರವಾನಗಿಗೆ ಹೊಂದುವಂತೆ 3,500 ಕಿಲೋ ಒಟ್ಟು ತೂಕದ ಮಿತಿಯಲ್ಲಿ ಕಟ್ಟಿದ ಮೋಟರ್‌ಹೋಮ್‌ಗಳಲ್ಲಿ ಜನ, ನೀರು, ಸಾಮಾನಿಗೆ ಉಳಿಯುವುದು ಎಷ್ಟೋ ವೇಳೆ ನಾಲ್ಕೈದು ನೂರು ಕಿಲೋ ಅಷ್ಟೇ. ನೂರು ಲೀಟರ್ ನೀರು ಎಂದರೆ ಅಲ್ಲೇ ನೂರು ಕಿಲೋ. ತುಂಬಿಸಿದ ಗಾಡಿಯನ್ನು ಒಮ್ಮೆ ವಾಹನ ತೂಗುವ ವೇಬ್ರಿಡ್ಜ್ ಹತ್ತಿಸಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ: 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ನಿಂತೇ ಹಳತಾಗುವ ಇಂಥ ಗಾಡಿಗಳ ಟೈರು ಸವೆಯುವ ಮೊದಲೇ ಮುಪ್ಪಾಗಿರುತ್ತದೆ. ಆರೇಳು ವರ್ಷ ದಾಟಿದ್ದರೆ ಹೊಸದು ಹಾಕಿಸಿ.

ಗ್ಯಾಸಿನ ಬಗ್ಗೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕು. ಅಡುಗೆ, ಬಿಸಿನೀರು, ಎಷ್ಟೋ ಗಾಡಿಗಳಲ್ಲಿ ಫ್ರಿಜ್ ಮತ್ತು ಹೀಟರ್ ಕೂಡ ಎಲ್‌ಪಿಜಿಯಿಂದ ನಡೆಯುತ್ತವೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದಲ್ಲಿ ಹರಡಿಕೊಳ್ಳುತ್ತದೆ, ಸರಿಯಾಗಿ ನಿಮ್ಮ ಮಗಳು ಅಂಬೆಗಾಲಿಡುವ, ಆಡುವ ಎತ್ತರದಲ್ಲಿ. ಆದ್ದರಿಂದ ಗ್ಯಾಸ್ ಅಲಾರಂ ನೆಲದ ಹತ್ತಿರವೇ ಇರಬೇಕು. ಕಾರ್ಬನ್ ಮೊನಾಕ್ಸೈಡಿನ ಅಲಾರಂ ಬೇರೆ, ಅದು ಮಲಗುವ ಜಾಗದ ಹತ್ತಿರ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು, ಹೀಗೆ ಲಕ್ಷಣಗಳೆಲ್ಲ ಫ್ಲೂ ಜ್ವರದಂತೆ, ಜ್ವರವೊಂದನ್ನು ಬಿಟ್ಟು. ಮಕ್ಕಳ ಉಸಿರಾಟ ವೇಗದ್ದಾದ್ದರಿಂದ ಅವರಿಗೆ ಬೇಗ ಏರುತ್ತದೆ. ಅಲಾರಂಗಳಿಗೂ ಆಯಸ್ಸಿದೆ, ಹಿಂಬದಿಯಲ್ಲಿ ಬರೆದ ದಿನಾಂಕ ಮುಗಿದಿದ್ದರೆ ಅದು ಗೋಡೆಯ ಅಲಂಕಾರವಷ್ಟೇ. ನಮ್ಮದು ಒಂದು ರಾತ್ರಿ ಎರಡು ಗಂಟೆಗೆ ಕೂಗಿತು. ಬ್ಯಾಟರಿ ಮುಗಿದಿರಬೇಕೆಂದು ಬೈದುಕೊಂಡು ತೆಗೆಯಲು ಕೈ ಚಾಚಿದ್ದೆ. ನಮ್ಮ ಒಲೆ, ಹೀಟರ್ ಎಲ್ಲ ಆರಿದ್ದವು. ಹೊಗೆ ಬರುತ್ತಿದ್ದದ್ದು ಪಕ್ಕದವರ ಜನರೇಟರಿನಿಂದ, ಗಾಳಿಗೆ ದಾರಿಯಿರಲೆಂದು ನಾವೇ ತೆರೆದಿಟ್ಟ ಕಿಟಕಿಯ ಮೂಲಕ. ಚಳಿಗೆಂದು ಅಡುಗೆ ಒಲೆ ಉರಿಸಿ ಮಲಗುವ ಯೋಚನೆಯನ್ನಂತೂ ಕನಸಿನಲ್ಲೂ ಮಾಡಬೇಡಿ.

ಚಳಿಯ ಮಾತು ಬಂತು. ಎಲ್‌ಪಿಜಿಯ ಇನ್ನೊಂದು ಬಗೆಯಾದ ಬ್ಯೂಟೇನಿನ ಸಿಲಿಂಡರ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗಲು ಒಪ್ಪುವುದಿಲ್ಲ. ಪ್ರೊಪೇನ್ ಮೈನಸ್ 42ರ ಹತ್ತಿರದವರೆಗೂ ಅನಿಲವಾಗುತ್ತದೆ. ಸಿಲಿಂಡರಿನಲ್ಲಿ ಗ್ಯಾಸ್ ಇದ್ದೂ ಹೀಟರ್ ಹತ್ತದ ರಾತ್ರಿಗಳ ರಹಸ್ಯ ಇಷ್ಟೇ. ಇನ್ನು ತೇವ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದರ ಮೇಲೆ ನಾಲ್ಕು ಜನರ ಉಸಿರು, ಒಗೆದು ಹರವಿದ ಪುಟ್ಟ ಬಟ್ಟೆಗಳು. ಬೆಳಿಗ್ಗೆ ಮಕ್ಕಳ ಹಾಸಿಗೆ ಎತ್ತಿ ನೋಡಿ, ಅಡಿಭಾಗ ಒದ್ದೆಯಾಗಿರುತ್ತದೆ. ನಾಲ್ಕು ವಾರ ನೋಡದಿದ್ದರೆ ಕಪ್ಪು ಬೂಷ್ಟು. ಹಾಸಿಗೆಯ ಕೆಳಗೆ ಗಾಳಿಯಾಡುವ ಪಟ್ಟಿಗಳಿರಲಿ, ಚಾವಣಿಯ ಕಿಂಡಿ ಚಳಿಯಲ್ಲೂ ಒಂದು ಬೆರಳಷ್ಟು ತೆರೆದಿರಲಿ. ಬಿಸಿಲಿಗೆ ಬಂದರೆ, ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು, ಮಗುವಿನ ಮೈ ದೊಡ್ಡವರದಕ್ಕಿಂತ ಹಲವು ಪಟ್ಟು ವೇಗವಾಗಿ ಕಾಯುತ್ತದೆ. ಎ.ಸಿ. ನಂಬಿ ಮಲಗಿದ ಮಗುವನ್ನು ಒಳಗೆ ಬಿಟ್ಟು ಹೋಗಬೇಡಿ. ಕ್ಯಾಂಪಿನ ಕರೆಂಟು ಹೇಳಿಕೇಳಿ ಹೋಗುವುದಿಲ್ಲ.

ಶೌಚದ ತೊಟ್ಟಿಯ ಬಗ್ಗೆ ನನ್ನದೇ ಬುದ್ಧಿವಂತಿಕೆಯ ಕಥೆ ಹೇಳುತ್ತೇನೆ. ಒಳಚರಂಡಿಗೆ ನೇರ ಸಂಪರ್ಕವಿದ್ದ ಜಾಗವೊಂದರಲ್ಲಿ, ದಿನವೂ ಖಾಲಿ ಮಾಡುವ ರಗಳೆ ಯಾಕೆಂದು ಹೊರಹರಿವಿನ ಕವಾಟವನ್ನು ತೆರೆದೇ ಇಟ್ಟೆ. ಮೂರು ವಾರ ನೀರೆಲ್ಲ ಹರಿದುಹೋಯಿತು, ಗಟ್ಟಿಯಾದದ್ದು ಹೋಗಲಿಲ್ಲ. ತೊಟ್ಟಿಯ ನಡುವೆ ಗೋಪುರ ಎದ್ದಿತ್ತು. ಅದನ್ನು ಕರಗಿಸಲು ಎರಡು ದಿನ ಬಿಸಿನೀರು ಸುರಿದದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಕವಾಟ ಮುಚ್ಚಿಯೇ ಇರಬೇಕು. ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಮೊದಲು ಶೌಚದ ತೊಟ್ಟಿ, ಆಮೇಲೆ ಪಾತ್ರೆ ತೊಳೆದ ನೀರಿನದು, ಆಗ ಕೊಳವೆ ತಾನಾಗಿ ತೊಳೆದುಹೋಗುತ್ತದೆ. ಒದ್ದೆ ಟಿಶ್ಯೂ, ಡೈಪರ್ ಒಳಗೆ ಬೀಳಲೇಕೂಡದು. ಎಳೆದು ತೆಗೆಯುವ ಕ್ಯಾಸೆಟ್ ಮಾದರಿಯಾದರೆ ಅದರ ಅಳವು ಇಪ್ಪತ್ತು ಲೀಟರಿನ ಆಸುಪಾಸು; ನಾಲ್ವರಿಗೆ ಎರಡು ಮೂರು ದಿನಕ್ಕೇ ತುಂಬುತ್ತದೆ. ಆಗಷ್ಟೇ ಡೈಪರ್ ಬಿಟ್ಟ ಮಗು ‘ಈಗಲೇ’ ಎಂದಾಗ ಅದು ತುಂಬಿರುವ ಸಾಧ್ಯತೆ, ನನ್ನ ಅನುಭವದಲ್ಲಿ, ನೂರಕ್ಕೆ ನೂರು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತಂದದ್ದು ‘ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರು’ ಎಂಬ ವಾಕ್ಯ. ಈಗ ಬಹುಶಃ ಮಕ್ಕಳನ್ನು ಹಗಲು ಯಾರೋ ನೋಡಿಕೊಳ್ಳುತ್ತಾರೆ. ಅಥವಾ ಕನಿಷ್ಠ ಒಂದು ಕೋಣೆ, ಒಂದು ಬಾಗಿಲು ಇದೆ. ಗಾಡಿಯಲ್ಲಿ ಬಾಗಿಲೆಂದರೆ ಒಂದೇ, ಅದರಾಚೆ ಬಯಲು. ಲೆಕ್ಕ ಹಾಕಿ: ಎಂಟು ಗಂಟೆಯಂತೆ ಇಬ್ಬರ ಕೆಲಸ ಹದಿನಾರು ಗಂಟೆ. ನಿಮ್ಮ ಮಗಳ ವಯಸ್ಸಿನವರು ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಮಾಡುತ್ತಾರೆ, ಅಂದರೆ ಹತ್ತರಿಂದ ಹದಿಮೂರು ಗಂಟೆ ಎಚ್ಚರವಿರುತ್ತಾರೆ. ಆ ಹೊತ್ತಿನಲ್ಲಿ ಒಬ್ಬರ ಎರಡೂ ಕೈ ಅವಳಿಗೇ ಮೀಸಲು. ಒಬ್ಬರು ಬೆಳಿಗ್ಗೆ, ಒಬ್ಬರು ಸಂಜೆ-ರಾತ್ರಿ ಎಂದು ಹಂಚಿಕೊಂಡರೆ ಹದಿನಾರು ಗಂಟೆ ಹೇಗೋ ಕೂಡುತ್ತದೆ, ಆದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದು ಹಸ್ತಾಂತರದ ಹೊತ್ತಿನಲ್ಲಿ ಮಾತ್ರ. ಇಬ್ಬರದೂ ಸೇರಿ ದಿನಕ್ಕೆ ಎಂಟು, ತಪ್ಪಿದರೆ ಹತ್ತು ಗಂಟೆ, ಅದಕ್ಕಿಂತ ಹೆಚ್ಚಿನ ಕೆಲಸ ಹೊತ್ತವರು ಒಂದು ವರ್ಷ ದಾಟಿದ್ದನ್ನು ನಾನು ನೋಡಿಲ್ಲ. ಆದಾಯ ಅಷ್ಟಕ್ಕೆ ಇಳಿದರೂ ನಡೆಯುತ್ತದೆಯೇ ಎಂಬುದನ್ನು ಗಾಡಿಯ ಬೆಲೆ ಕೇಳುವ ಮೊದಲು ಕೂತು ಲೆಕ್ಕ ಹಾಕಿ.

ಇಂಟರ್‌ನೆಟ್‌ಗೆ ಸ್ಟಾರ್‌ಲಿಂಕ್‌ನಂಥ ಉಪಗ್ರಹ ಡಿಷ್ ಹಲವು ದೇಶಗಳಲ್ಲಿ ಸಿಗುತ್ತದೆ. ಮರದ ನೆರಳು ಮಕ್ಕಳಿಗೆ ಬೇಕು, ಡಿಷ್‌ಗೆ ಬೇಡ, ಈ ಜಗಳ ನಿತ್ಯದ್ದು. ಅದು 75 ವ್ಯಾಟ್ ಎಳೆಯುತ್ತದೆ ಎಂದುಕೊಂಡರೂ ಹತ್ತು ಗಂಟೆಯಲ್ಲಿ, 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಮುಗಿಯುತ್ತದೆ. ಆ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಶಾಲೆಯ ಬಗ್ಗೆ ನೀವು ಈಗ ತಲೆ ಕೆಡಿಸಿಕೊಳ್ಳುವುದು ಬೇಡ. ಮಗನಿಗೆ ನಾಲ್ಕು, ಅವನ ಪಾಠ ಬೀಗದ ಕೈ ಹುಡುಕುವುದರಲ್ಲಿ, ನೀರಿನ ಮಟ್ಟ ಓದುವುದರಲ್ಲಿ ನಡೆಯುತ್ತಿರುತ್ತದೆ. ಆದರೆ ಎರಡನೆಯ ವರ್ಷದ ಕೊನೆಗೆ ಅವನಿಗೆ ಆರು. ಮನೆಪಾಠದ ಕಾನೂನು ದೇಶಕ್ಕೊಂದು ಬಗೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದಕ್ಕೆ ಅವಕಾಶವಿದೆ, ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು. ನಿಮ್ಮ ಕಾಯಂ ವಿಳಾಸ ಯಾವ ಆಡಳಿತದಡಿ ಬರುತ್ತದೋ ಅಲ್ಲಿ ಕಡ್ಡಾಯ ಶಿಕ್ಷಣ ಎಷ್ಟನೇ ವಯಸ್ಸಿಗೆ ಶುರುವಾಗುತ್ತದೆ ಎಂದು ಈಗಲೇ ತಿಳಿದುಕೊಳ್ಳಿ. ಆ ವಿಳಾಸವನ್ನು ಕಳೆದುಕೊಳ್ಳಬೇಡಿ. ವಿಮೆ, ತೆರಿಗೆ, ಪರವಾನಗಿ ಎಲ್ಲ ಅದಕ್ಕೇ ಜೋತುಬಿದ್ದಿರುತ್ತವೆ. ವಿಮೆಯ ಅರ್ಜಿಯಲ್ಲಿ ‘ರಜಾ ಬಳಕೆ’ ಎಂದು ಬರೆದು ವರ್ಷಪೂರ್ತಿ ಅದರಲ್ಲೇ ವಾಸಿಸಿದರೆ ಪರಿಹಾರ ಸಿಗದೆ ಹೋಗಬಹುದು. ಲಸಿಕೆಯ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತಿಸಿ, ಮಾರ್ಗವನ್ನು ಅದರ ಸುತ್ತ ಹೆಣೆಯಿರಿ.

ಮನೆ ಮಾರಬೇಡಿ. ಬಾಡಿಗೆಗೆ ಕೊಡಿ, ಅದೂ ಈಗಲೇ ಅಲ್ಲ. ಮೊದಲು ಇಂಥದ್ದೇ ಗಾಡಿಯನ್ನು ಬಾಡಿಗೆಗೆ ಪಡೆದು ಮೂರು ವಾರ ಇದ್ದುನೋಡಿ. ಎಲ್ಲರೂ ರಜೆಯಲ್ಲಿ, ಒಳ್ಳೆಯ ಹವೆಯಲ್ಲಿ ಪರೀಕ್ಷಿಸಿ ಮರುಳಾಗುತ್ತಾರೆ. ನೀವು ಮಳೆಗಾಲದಲ್ಲಿ ಹೋಗಿ, ಕಚೇರಿಯ ಕೆಲಸ ಬಿಡದೆ ಹೋಗಿ, ಮನೆಯಿಂದ ಒಂದು ಗಂಟೆ ದೂರದಲ್ಲೇ ನಿಲ್ಲಿ. ಸತತ ಮೂರನೆಯ ದಿನದ ಮಳೆಯಲ್ಲಿ, ಒಬ್ಬರ ಮೀಟಿಂಗ್ ನಡೆದಿರುವಾಗ, ಇನ್ನೊಬ್ಬರು ಇಬ್ಬರು ಮಕ್ಕಳಿಗೂ ರೇನ್‌ಕೋಟ್ ಹಾಕಿ ಕೆಸರಿಗೆ ಇಳಿಸುತ್ತಾರೋ, ಪರದೆಯ ಹಿಂದೆ ಕೂತು ಹಲ್ಲು ಕಡಿಯುತ್ತಾರೋ ನೋಡಿಕೊಳ್ಳಿ. ಮೊದಲನೆಯ ಬಗೆಯವರು ಎರಡು ವರ್ಷ ಇರಬಲ್ಲರು. ಎರಡನೆಯವರಾದರೆ ವರ್ಷಕ್ಕೆ ಎರಡು ತಿಂಗಳು ಹೋಗಿಬನ್ನಿ; ಅದರಲ್ಲಿ ಅವಮಾನವೇನೂ ಇಲ್ಲ. ನಾವು ನಿಲ್ಲಿಸಿದ್ದೂ ದೊಡ್ಡವನು ‘ನನಗೆ ನಾಳೆಯೂ ಅದೇ ಗೆಳೆಯ ಬೇಕು’ ಎಂದ ವಾರವೇ.

ಅತ್ತೆಯವರೊಂದಿಗೆ ವಾದ ಮಾಡಬೇಡಿ, ಆ ಮೂರು ವಾರಗಳಲ್ಲಿ ನಾಲ್ಕು ದಿನ ಅವರನ್ನೂ ಕರೆದುಕೊಂಡು ಹೋಗಿ. ಮಳೆ ಬಂದಾಗ ಇನ್ನೊಂದು ಜೊತೆ ಕೈ ಎಂದರೆ ಏನೆಂದು ನಿಮಗೆ ತಿಳಿಯುತ್ತದೆ, ಮೊಮ್ಮಕ್ಕಳು ಬೀದಿಪಾಲಾಗಿಲ್ಲವೆಂದು ಅವರಿಗೂ ತಿಳಿಯಬಹುದು. ಗಾಡಿ ಬಾಡಿಗೆಗೆ ಹಿಡಿಯುವಾಗ ಮಾತ್ರ, ಹಾಸಿಗೆ ಹೇಗಿದ್ದರೂ ಆರಿವೆ, ಐದನೆಯ ಬೆಲ್ಟ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅವರು ಬಸ್ಸಿನಲ್ಲಿ ಬರಲಿ, ನೀವು ನಿಲ್ದಾಣಕ್ಕೆ ಹೋಗಿ ಕರೆತನ್ನಿ, ಗಾಡಿಯಲ್ಲಲ್ಲ, ನಡೆದುಕೊಂಡು.